ಒಂದೂವರೆ ಗಂಟೆಯ ಬೊಂಬಾಯಿ

ಬೆಂಗಳೂರಿನಿಂದ ಬೊಂಬಾಯಿಗೆ ವಿಮಾನದಲ್ಲಿ ಒಂದೂವರೆ ಗಂಟೆ. ಮತ್ತಿಗಿರಿಯ ನಮ್ಮ ಮನೆಗೆ ಈ ಸುದ್ದಿ ತಂದವನು ನಾನು. ಎಂಬತ್ತರ ದಶಕದ ಶುರುವಿನಲ್ಲಿ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್ ಆಗಿದ್ದೆ. ಅಲ್ಲಿನ ಸಾಹೇಬರು ಬೆಳಿಗ್ಗೆ ಬೊಂಬಾಯಿಗೆ ಹೋಗಿ ಸಂಜೆಗೆ ಬಂದುಬಿಡುತ್ತಿದ್ದರು. ಅಕ್ಕನನ್ನು ಅಷ್ಟು ದೂರ ಕೊಟ್ಟೆವಲ್ಲ ಎಂದು ಕೊರಗುತ್ತಿದ್ದ ಅವ್ವನಿಗೆ ಇದನ್ನು ಹೇಳಿದೆ. "ಹಂಗಾದ್ರೆ ಬಸ್ಸಲ್ಲಿ ಕೃಷ್ಣಗಿರಿಗೆ ಹೋದಷ್ಟೇಯ ಅನ್ನು" ಎಂದು ಅವ್ವ ನೆಮ್ಮದಿಪಟ್ಟಳು.

ಒಂದು ಬೆಳಿಗ್ಗೆ ಬೀದಿಯ ಅಂಗಡಿಗೆ ಭಾವನ ಟ್ರಂಕ್ ಕಾಲ್ ಬಂತು. ಜ್ವರದಲ್ಲಿದ್ದ ಅಕ್ಕ ತೀರಿಕೊಂಡಿದ್ದಳು. ಹೊತ್ತು ಮುಳುಗುವುದರೊಳಗೆ ಎತ್ತುತ್ತೇವೆ ಎಂದರು. ನಮ್ಮಲ್ಲಿ ಕೊಟ್ಟ ಹೆಣ್ಣಿನ ಮೈಮೇಲೆ ಕಡೆಯ ಸೀರೆ ತವರಿನದೇ ಬೀಳಬೇಕು. ಇಲ್ಲದಿದ್ದರೆ ಅವಳು ದಿಕ್ಕಿಲ್ಲದವಳಾಗಿ ಹೋದಂತೆ. "ಏರೋಪ್ಲೇನಲ್ಲಿ ಬತ್ತೀವಿ! ಸೀರೆ ಹೊದಿಸೋಗಂಟ ಎತ್ಬೇಡಿ!" ಎಂದು ಅಪ್ಪ ಫೋನಿನಲ್ಲಿ ಕಿರುಚಿದ. ಗೌರಿ ಹಬ್ಬಕ್ಕೆ ಅಕ್ಕನಿಗೆಂದೇ ತಂದಿಟ್ಟಿದ್ದ ಹಸಿರು ಸೀರೆಯನ್ನು ಅವ್ವ ನನ್ನ ಚೀಲಕ್ಕೆ ಹಾಕಿದಳು. ನೆಲ ಹಿಡಿದು ಕೂತವಳನ್ನು ನೆಂಟರ ಕೈಗೆ ಬಿಟ್ಟು, ಎಮ್ಮೆ ಮಾರಿದ ದುಡ್ಡು ತೆಗೆದುಕೊಂಡು ನಾವಿಬ್ಬರೂ ಹೊರಟೆವು.

ನಮ್ಮ ಬೀದಿಯಲ್ಲಿ ವಿಮಾನ ಹತ್ತಿದವರು ಒಬ್ಬರೂ ಇರಲಿಲ್ಲ. ನಮಗೆ ಗೊತ್ತಿದ್ದದ್ದು ಬಸ್ಸು. ಸ್ಟ್ಯಾಂಡಿನಲ್ಲಿ ನಿಂತರಾಯಿತು, ಒಂದು ಹೋದರೆ ಇನ್ನೊಂದು ಬರುತ್ತದೆ. ವಿಮಾನಕ್ಕೂ ಹಾಗೇ ಹೊರಟಿದ್ದೆವು. ಜೂಜುವಾಡಿಯ ಗಡಿ ಚೆಕ್‌ಪೋಸ್ಟಿನಲ್ಲಿ ಲಾರಿಗಳು ಸಾಲುಗಟ್ಟಿ ನಿಂತು ನಮ್ಮ ಬಸ್ಸು ಅಲ್ಲಾಡಲಿಲ್ಲ. ನಾನು ಸಿಕ್ಕಸಿಕ್ಕ ಡ್ರೈವರುಗಳನ್ನೆಲ್ಲ ಬೈಯತೊಡಗಿದೆ. "ಬೈಬ್ಯಾಡ ಕಣ್ಲಾ. ಹತ್ತಿದ ಮ್ಯಾಕೆ ಒಂದೂವರೆ ಗಂಟೆ ತಾನೇ" ಎಂದ ಅಪ್ಪ.

ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದವರು ಸಮಾಧಾನವಾಗಿಯೇ ಹೇಳಿದರು. ಬೆಳಗಿನದು ಹೋಗಿಯಾಗಿದೆ. ಇನ್ನು ಸಂಜೆಯದೇ, ಅದರಲ್ಲೂ ಸೀಟಿಲ್ಲ.

ಅಪ್ಪ ಕೈ ಮುಗಿದ. "ಸೀಟು ಬ್ಯಾಡ ಸಾಮಿ. ನಿಂತ್ಕಂಡೇ ಬತ್ತೀನಿ. ಒಂದೂವರೆ ಗಂಟೆ ತಾನೇ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಕೌಂಟರಿನವರು ನಗಲಿಲ್ಲ, ತಲೆ ತಗ್ಗಿಸಿದರು. ನನಗೆ ಯಾರಿಗಾದರೂ ಬಾರಿಸಬೇಕು ಅನ್ನಿಸಿತು, ಯಾರಿಗೆ ಅಂತ ತಿಳಿಯಲಿಲ್ಲ. ಭಾವನಿಗೆ ತಿಳಿಸೋಣವೆಂದರೆ ಟ್ರಂಕ್ ಕಾಲ್ ಸಿಗಲಿಲ್ಲ. ಸೀಟು ಹಿಡಿದವರು ಯಾರಾದರೂ ಬಾರದೆ ಉಳಿದರೆ ನೋಡೋಣ ಎಂದು ಕೌಂಟರಿನವರು ಹೇಳಿದ್ದರು. ಎಲ್ಲರೂ ಬಂದರು. ಅಪ್ಪ ಗಡಿಯಾರ ನೋಡಲಿಲ್ಲ, ಹೊರಗೆ ಹೋಗಿ ಹೋಗಿ ಸೂರ್ಯನನ್ನು ನೋಡಿ ಬರುತ್ತಿದ್ದ. ಬಿಸಿಲು ಕೆಂಪಗಾದಾಗ, "ಎತ್ತಿರ್ತಾರೆ, ನಡಿ" ಎಂದ. ಅಪ್ಪ ಅಳುವುದನ್ನು ನಾನು ಅಂದೇ ಮೊದಲು ಕಂಡದ್ದು.

ನಾವು ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಅವ್ವ ಎದ್ದು ಓಡಿಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡಳು. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು.

"ಮೊಕ ಹೆಂಗಿತ್ತು?" ಎಂದು ಕೇಳಿದಳು. "ಬಲು ಬಾಡೋಗಿತ್ತಾ?"

ಅಪ್ಪ ನನ್ನ ಕಡೆ ನೋಡಿದ.