ಅಲೀಪುರದ ಹಾರ್ಡ್ ಡಿಸ್ಕು

2022ರ ಹೊತ್ತಿಗೆ ನಾನು ಗೌರಿಬಿದನೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಇಪ್ಪತ್ತು ವರ್ಷ ದಾಟಿತ್ತು. ಶಾಲೆ, ಮಂಡಿ, ಮನೆ ಎನ್ನದೆ ಚಿಂತಾಮಣಿಯವರೆಗೂ ಹೋಗಿ ಕಂಪ್ಯೂಟರು ಬಿಚ್ಚಿ ಬಂದವನು ನಾನು. ನನಗೊಂದು ಕಾಯಿಲೆಯಿದೆ: ಕೂತಲ್ಲಿ ಕೂರಲಾರೆ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀರ" ಎಂದು ನನ್ನ ಹೆಂಡತಿ ಇವತ್ತಿಗೂ ಬೈಯುತ್ತಾಳೆ. ಇಂಥವನನ್ನು ದಿನಗಟ್ಟಲೆ ಒಂದೇ ಕುರ್ಚಿಯಲ್ಲಿ ಕೂರಿಸಿದ ಕೆಲಸವೊಂದಿದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಆಷಾಢದ ಗಾಳಿ ಬೀದಿಯ ಧೂಳನ್ನೆಲ್ಲ ಅಂಗಡಿಯೊಳಗೆ ತುಂಬುತ್ತಿದ್ದ ಒಂದು ಬೆಳಿಗ್ಗೆ ಅಲೀಪುರದಿಂದ ಫೋನ್ ಬಂತು. ಮಾತಾಡಿದವರು ಸಕೀನಾ ಮೇಡಂ, ಅಲ್ಲಿನ ಶಾಲೆಯೊಂದರ ಟೀಚರು. ಹಿಂದೊಮ್ಮೆ ಅವರ ಶಾಲೆಯ ಪ್ರಿಂಟರ್ ಸರಿಮಾಡಿದ್ದೆ.

"ಸಾರ್, ನನ್ನಿಂದ ದೊಡ್ಡ ತಪ್ಪಾಗೋಯ್ತು. ಅಮ್ಮಿ ದನಿ ಎಲ್ಲಾ ಹೋಯ್ತು."

ಅವರು ಅಳುತ್ತಲೇ ಹೇಳಿದ್ದು ಇಷ್ಟು. ಹಿಂದಿನ ಸಂಜೆ ಮನೆಯ ಕಂಪ್ಯೂಟರಿನಲ್ಲಿ ಇದ್ದಕ್ಕಿದ್ದಂತೆ ಸೈರನ್ ಕೂಗಿ, ಪರದೆಯ ತುಂಬ ಕೆಂಪು ಅಕ್ಷರ ಬಂದಿದೆ: ವೈರಸ್ ಹೊಕ್ಕಿದೆ, ಈ ನಂಬರಿಗೆ ಕರೆ ಮಾಡಿ. ಸೈರನ್ನಿಗೆ ಮನೆಮಂದಿಯೆಲ್ಲ ಓಡಿಬಂದ ಗಾಬರಿಯಲ್ಲಿ ಇವರು ಕರೆ ಮಾಡಿದ್ದಾರೆ. ಆ ಕಡೆಯವನು ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ ಮಾತಾಡಿ, ರಿಮೋಟ್ ಆ್ಯಕ್ಸೆಸ್ ತಂತ್ರಾಂಶ, ಅಂದರೆ ದೂರದಲ್ಲಿ ಕೂತೇ ನಮ್ಮ ಯಂತ್ರವನ್ನು ನಡೆಸುವ ಸಾಧನವೊಂದನ್ನು ಹಾಕಿಸಿಕೊಂಡಿದ್ದಾನೆ. ಆಮೇಲೆ ದುಡ್ಡು ಕೇಳಿದ್ದಾನೆ. ಇವರಿಗೆ ಅನುಮಾನ ಬಂದು ಕೊಡುವುದಿಲ್ಲ ಎಂದಿದ್ದಾರೆ. ಅವನು ಸಿಟ್ಟಿಗೆ ಇವರ ಕಣ್ಣೆದುರೇ ಫೋಲ್ಡರುಗಳನ್ನು ಒಂದೊಂದಾಗಿ ಅಳಿಸಿದ್ದಾನೆ.

"ಮೌಸ್ ತಾನಾಗೇ ಓಡಾಡ್ತಿತ್ತು ಸಾರ್. ನಾನು ಕೈ ಕಟ್ಕೊಂಡು ನೋಡ್ತಾ ಇದ್ದೆ."

"ಈಗ ಕಂಪ್ಯೂಟರ್ ಏನಾಗೈತಮ್ಮಾ?"

"ಆನ್ ಆಗೇ ಐತೆ. ಆಂಟಿವೈರಸ್ ಡೌನ್‌ಲೋಡ್ ಮಾಡ್ತಿದೀನಿ, ಅರ್ಧ ಆಗೈತೆ."

ಹಾರ್ಡ್ ಡಿಸ್ಕಿನಿಂದ ಅಳಿಸಿದ ಫೈಲು ಆ ಕ್ಷಣವೇ ಮಾಯವಾಗುವುದಿಲ್ಲ. ಅದರ ವಿಳಾಸ ಮಾತ್ರ ಅಳಿಯುತ್ತದೆ, ಒಳಗಿನ ಸರಕು ಇದ್ದಲ್ಲೇ ಇರುತ್ತದೆ. ಅದೇ ಜಾಗದ ಮೇಲೆ ಹೊಸದೇನಾದರೂ ಬಂದು ಕೂತರೆ ಮಾತ್ರ ಹೋದದ್ದು ಹೋದಂತೆಯೇ. ಪಾಪ, ಈ ಹೆಣ್ಣುಮಗಳು ಕಾಪಾಡುತ್ತೇನೆಂದುಕೊಂಡು ಹೊಸ ಸರಕು ಇಳಿಸುತ್ತಿದ್ದರು.

"ವೈರು ಕೀಳಿ! ಶಟ್‌ಡೌನು ಗಿಟ್‌ಡೌನು ಏನೂ ಬೇಡ, ಗೋಡೆಯಿಂದ ವೈರೇ ಕಿತ್ತುಬಿಡಿ!" ಎಂದು ಕೂಗಿದೆ. ಅಂಗಡಿಯಲ್ಲಿದ್ದ ಗಿರಾಕಿಗಳು ಬೆಚ್ಚಿ ನೋಡಿದರು. ಲ್ಯಾಪ್‌ಟಾಪು, ಖಾಲಿ ಡಿಸ್ಕು, ಚಿಕ್ಕದೊಂದು ಯುಪಿಎಸ್ಸು ಚೀಲಕ್ಕೆ ತುಂಬಿಕೊಂಡು, ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಬೈಕು ಹತ್ತಿದೆ. ಎದುರುಗಾಳಿಗೆ ಬೈಕು ಮುಂದೆ ಹೋಗಲೊಲ್ಲದು. ದಾರಿಯುದ್ದಕ್ಕೂ ಆ ಗಾಳಿಯನ್ನೂ ಆ ಹಿಂದಿಯವನನ್ನೂ ಒಟ್ಟಿಗೇ ಬೈದುಕೊಂಡು ಹೋದೆ.

ಅಳಿಸಿಹೋದದ್ದು ಏನೆಂದು ಆ ಮನೆಯ ನಡುಮನೆಯಲ್ಲಿ ಕೂತ ಮೇಲೆ ತಿಳಿಯಿತು. ಸಕೀನಾ ಅವರ ತಾಯಿ ಕುಲ್ಸುಮ್ ಬೀ ನೌಹಾ ಹೇಳುವುದರಲ್ಲಿ ಊರಿಗೆಲ್ಲ ಹೆಸರಾದವರು. ನೌಹಾ ಎಂದರೆ ಮೊಹರಂ ತಿಂಗಳಲ್ಲಿ ಹಾಡುವ ಶೋಕದ ಹಾಡು. ಹೆಂಗಸರ ಮಜ್ಲಿಸ್‌ನಲ್ಲಿ, ಅಂದರೆ ಶೋಕಸಭೆಯಲ್ಲಿ, ಆಕೆ ಮುಂದೆ ಹೇಳಿಕೊಟ್ಟರೆ ಉಳಿದವರು ಎದೆ ಬಡಿದುಕೊಂಡು ದನಿಗೂಡಿಸುತ್ತಿದ್ದರಂತೆ. ಅತ್ತೆಯಿಂದ ಕಲಿತ ಹಳೆಯ ರಾಗಗಳು ಆಕೆಗೊಬ್ಬರಿಗೇ ಗೊತ್ತಿದ್ದವು. ಹಿಂದಿನ ವರ್ಷ ಗಂಟಲಿನ ಆಪರೇಷನ್ ಆಗುವ ಮುಂಚೆ ಮಗಳು ಎಲ್ಲವನ್ನೂ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡಿದ್ದರು. ಆಪರೇಷನ್ನಿನ ನಂತರ ಆಕೆಗೆ ಉಳಿದದ್ದು ಪಿಸುಮಾತು ಮಾತ್ರ. ಮೊಹರಂ ಹತ್ತಿರ ಬಂದಿತ್ತು. ಮಜ್ಲಿಸ್‌ಗೆ ಹೊಸದಾಗಿ ಸೇರಿದವರು ಆ ರೆಕಾರ್ಡಿನಿಂದಲೇ ಕಲಿಯಬೇಕಾಗಿತ್ತು.

"ಒಂದು ಕಾಪಿನಾದ್ರೂ ಮಾಡಿಡಬಾರ್ದಿತ್ತೇನಮ್ಮಾ? ಪೆನ್‌ಡ್ರೈವೋ, ಫೋನೋ?" ನನಗೆ ಅಸಹನೆ ತಡೆಯಲಾಗಲಿಲ್ಲ.

"ಕಾಪಿ ಫೋನಿಗೆ ಹೋಗುತ್ತೆ, ಫೋನು ಗಂಡಸರ ಕೈಗೆ ಹೋಗುತ್ತೆ ಸಾರ್. ಪರಗಂಡಸರು ಅಮ್ಮಿ ನೌಹಾ ಕೇಳೋ ಹಾಗಿಲ್ಲ. ನಮ್ಮ ಮನೆ ಪದ್ಧತಿ ಅದು."

ಹಾಗಾದರೆ ನಾನು? ಆ ಪ್ರಶ್ನೆ ನನಗಿಂತ ಮೊದಲೇ ಒಳಕೋಣೆಯ ಪರದೆಯ ಹಿಂದೆ ಕೂತಿದ್ದ ಕುಲ್ಸುಮ್ ಬೀಗೆ ಹೊಳೆದಿತ್ತು. ತಾಯಿ ಮಗಳ ನಡುವೆ ಉರ್ದುವಿನಲ್ಲಿ ಬಹಳ ಹೊತ್ತು ವಾದ ನಡೆಯಿತು. ಸಕೀನಾ ಸಪ್ಪಗೆ ಹೊರಗೆ ಬಂದರು.

"ಬೇಡ ಅಂತಾರೆ. ಹೋದ್ರೆ ಹೋಗ್ಲಿ, ಆದ್ರೆ ನೀವು ಕೇಳಬಾರ್ದು ಅಂತಾರೆ. ಆಪರೇಷನ್ ಮಾಡಿದ ಡಾಕ್ಟರೂ ಗಂಡಸೇ ಅಲ್ವಾ ಅಮ್ಮಿ ಅಂತ ಕೇಳ್ದೆ."

"ಅದಕ್ಕೇನಂದ್ರು?"

"ಡಾಕ್ಟರ್ ಗಂಟ್ಲು ನೋಡಿದ್ರು, ನೌಹಾ ಕೇಳಲಿಲ್ಲ ಅಂದ್ರು."

ಮೊದಲು ಸಿಟ್ಟು ಬಂತು. ಇಷ್ಟು ದೂರ ಓಡಿಬಂದದ್ದು ಯಾರಿಗಾಗಿ? ಚೀಲದ ಜಿಪ್ಪನ್ನು ಎಳೆದೂ ಬಿಟ್ಟೆ. ಎಳೆಯುವಾಗ ಆ ಮಾತು ಇನ್ನೊಮ್ಮೆ ತಲೆಯಲ್ಲಿ ಸುಳಿಯಿತು. ಆಕೆ ಹೇಳಿದ್ದರಲ್ಲಿ ತಪ್ಪೇನಿದೆ? ನನಗೂ ಬೇಕಾಗಿದ್ದುದು ಡಿಸ್ಕು, ಹಾಡಲ್ಲ. ಕಂಪ್ಯೂಟರಿನ ಎರಡು ಸ್ಪೀಕರುಗಳನ್ನೂ ಬಿಚ್ಚಿ ಸಕೀನಾ ಕೈಗಿತ್ತೆ. "ಇವನ್ನ ಅಮ್ಮನವರ ಹತ್ರ ಕೊಡಿ. ಲ್ಯಾಪ್‌ಟಾಪ್‌ಗೆ ಹೆಡ್‌ಫೋನ್ ಸಿಕ್ಕಿಸ್ತೀನಿ, ಅದು ಪರದೆ ಆಚೆ ಅವರ ಕಿವಿಗೇ ಹೋಗ್ಲಿ. ನಾನೂ ಗಂಟ್ಲು ಮಾತ್ರ ನೋಡ್ತೀನಿ ಅಂತ ಹೇಳಿ." ಸಕೀನಾ ಅವನ್ನು ಒಳಗೆ ಕೊಂಡೊಯ್ದರು. ಆಮೇಲೆ ಟೀ ಬಂತು. ಒಪ್ಪಿಗೆ ಸಿಕ್ಕಿತೆಂದು ತಿಳಿದುಕೊಂಡೆ.

ಡಿಸ್ಕು ಮನೆ ಬಿಟ್ಟು ಹೋಗಬಾರದು ಎಂಬುದೂ ಒಂದು ಕರಾರಾಗಿತ್ತು. ಹಾಗಾಗಿ ಅಲ್ಲೇ ಕೂತು ಅದರ ಪೂರ್ತಿ ನಕಲು ತೆಗೆಯಲು ಹಚ್ಚಿದೆ. ಮೂಲವನ್ನು ಮುಟ್ಟದೆ ನಕಲಿನಲ್ಲಿ ಹುಡುಕುವುದು ನಮ್ಮ ಕಸುಬಿನ ಮೊದಲ ನಿಯಮ. ಲ್ಯಾಪ್‌ಟಾಪಿನ ಪರದೆಯ ಮೇಲಿನ ಹಸಿರು ಪಟ್ಟಿ ಬಸವನಹುಳುವಿನಂತೆ ತೆವಳಿತು. ನಾನು ಎದ್ದೆ, ಕೂತೆ, ಜಗಲಿಗೆ ಹೋದೆ, ಬಂದೆ. ಪಕ್ಕದ ಕೋಣೆಯಲ್ಲಿ ಯಾರೋ ಮೊಹರಂಗೆಂದು ಕಪ್ಪು ಬಟ್ಟೆ ಹೊಲಿಯುತ್ತಿದ್ದರು, ಆ ಮಿಷಿನ್ನಿನ ಸದ್ದೂ ನನ್ನನ್ನೇ ಅವಸರಪಡಿಸಿದಂತಿತ್ತು. ಮಧ್ಯಾಹ್ನ ಗಾಳಿಗೆ ಕರೆಂಟು ಹೋಯಿತು. ಯುಪಿಎಸ್ಸು ಕಿರ್ ಕಿರ್ ಎಂದು ಕೂಗಿಕೊಂಡಷ್ಟು ಹೊತ್ತೂ ನಾನು ಉಗುರು ಕಚ್ಚುತ್ತಿದ್ದೆ. ಅದು ಸಾಯುವ ಮುಂಚೆ ಕರೆಂಟು ಬಂತು.

ಮರುದಿನ ಹುಡುಕುವ ಕೆಲಸ. ಹೀಗೆ ಹೆಕ್ಕಿದ ಫೈಲುಗಳಿಗೆ ಹಳೆಯ ಹೆಸರು ಇರುವುದಿಲ್ಲ, ಬರೀ ನಂಬರು. ಯಾವುದು ಏನೆಂದು ಕೇಳಿಯೇ ತಿಳಿಯಬೇಕು. ನಾನು ಈಚೆ ಒಂದೊಂದನ್ನೇ ಒತ್ತುವುದು, ಆಚೆ ಕುಲ್ಸುಮ್ ಬೀ ಕೇಳುವುದು, ಸಕೀನಾ ನಡುವೆ ನಿಂತು ವರದಿ ಕೊಡುವುದು.

"ಇದು ಮದ್ವೆ ವಿಡಿಯೋದು ಸಾರ್. ಇದು ಮಕ್ಕಳ ರೈಮ್ಸು. ಇದ್ರಲ್ಲಿ ಬರೀ ಗರಗರ."

ಗರಗರ ಎಂದರೆ ಅದರ ಮೇಲೆ ಬೇರೇನೋ ಕೂತಿದೆ ಎಂದರ್ಥ. ಒಂದಾದ ಮೇಲೊಂದು ಗರಗರವೇ ಬಂತು. ಮತ್ತೊಂದನ್ನು ಒತ್ತಿದೆ. ವರದಿ ಬರಲಿಲ್ಲ.

"ಏನಮ್ಮಾ? ಏನ್ ಬಂತು? ಹೇಳ್ಬಾರ್ದಾ?"

ಸಕೀನಾ ಪರದೆಯ ಅಂಚು ಹಿಡಿದು ಒಳಗೆ ನೋಡುತ್ತ ನಿಂತಿದ್ದರು. ತಿರುಗಿದಾಗ ಅವರ ಮುಖವೆಲ್ಲ ಒದ್ದೆ. "ಅಮ್ಮಿ ಎದೆ ಬಡ್ಕೊತಾ ಇದಾರೆ ಸಾರ್" ಎಂದರು.

ಅಲ್ಲಿಂದಾಚೆ ಒಂದೊಂದೇ ಸಿಗುತ್ತ ಹೋದವು. ಎಲ್ಲವೂ ಸಿಗಲಿಲ್ಲ. ಆ ಅರ್ಧ ಡೌನ್‌ಲೋಡು ಕೆಲವನ್ನು ನುಂಗಿಹಾಕಿತ್ತು. ಕೊನೆಗೆ ಸಿಕ್ಕ ಒಂದು ನೌಹಾ ನಡುವೆಯೇ ತುಂಡಾಗಿತ್ತು. ಅದು ನಿಂತಾಗ ಆಚೆಯಿಂದ ಉಸಿರಿನಂಥ ಒರಟು ದನಿಯೊಂದು ಎದ್ದಿತು. ತುಂಡಾದ ಸಾಲನ್ನು ಮಗಳಿಗೆ ದಾಟಿಸಲು ಕುಲ್ಸುಮ್ ಬೀ ಇದ್ದಷ್ಟು ಗಂಟಲಿನಲ್ಲೇ ರಾಗ ಹಿಡಿದಿದ್ದರು. ಅವರಿಗೆ ನಾನಿರುವುದು ಮರೆತೇಹೋಗಿತ್ತು. ನಾನು ಎದ್ದು ಹೊರಗೆ ಬಂದೆ, ಜಗಲಿ ಸಾಲದೆಂದು ಬೀದಿಯ ತಿರುವಿನವರೆಗೆ ನಡೆದೆ. ಕಾಲು ಚಡಪಡಿಸಿ ಎದ್ದದ್ದಲ್ಲ. ಅವತ್ತು ನನಗೆ ಅಲ್ಲೇ ಕೂತಿರಬೇಕೆಂಬ ಆಸೆ ಬಹಳವಿತ್ತು.

ಬಹಳ ಹೊತ್ತಿನ ಮೇಲೆ ಸಕೀನಾ ಹುಡುಕಿಕೊಂಡು ಬಂದರು. "ಯಾಕ್ ಸಾರ್ ಬಂದ್ಬಿಟ್ರಿ?"

"ಅಮ್ಮನವರು ಹೇಳಿಕೊಡ್ತಿದ್ರಲ್ಲ."

ಅವರು ಒಳಗೆ ಹೋಗಿ ಅದನ್ನೇ ತಾಯಿಗೆ ಹೇಳಿರಬೇಕು. ಮರುದಿನ ಹಳೆಯ ಡಿಸ್ಕನ್ನು ಪೂರ್ತಿ ಒರೆಸಿ, ವಿಂಡೋಸ್ ಹೊಸದಾಗಿ ಹಾಕಿ, ಸಿಕ್ಕ ನೌಹಾಗಳಿಗೆ ಸಕೀನಾ ಹೇಳಿದ ಹೆಸರು ಕೊಟ್ಟು ಎರಡೂ ಡಿಸ್ಕಿಗೆ ತುಂಬಿ, ಪಾಸ್‌ವರ್ಡುಗಳನ್ನೆಲ್ಲ ಬದಲಿಸಿಕೊಟ್ಟೆ. ಸೈರನ್ ಕೂಗಿದರೆ ಯಾವ ನಂಬರಿಗೂ ಕರೆ ಮಾಡದೆ ಇಂಟರ್‌ನೆಟ್ ವೈರು ಕಿತ್ತು ನನಗೆ ಹೇಳಿ, ಇನ್ನು ಮೇಲೆ ಇನ್ನೊಂದು ಕಾಪಿ ಬೇರೆ ಕಡೆ ಇಟ್ಟಿರಿ ಎಂದೂ ತಿಳಿಸಿದೆ. ಹೊರಡುವಾಗ, ನಾನು ಮಾಡಿದ್ದ ನಕಲಿನ ಡಿಸ್ಕನ್ನು ಅಲ್ಲೇ ಬಿಟ್ಟು ಚೀಲ ಹೆಗಲಿಗೇರಿಸಿದೆ. ಸಕೀನಾ ಅದನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗೇ ಕೊಟ್ಟರು.

"ಇನ್ನೊಂದು ಕಾಪಿ ಬೇರೆ ಕಡೆ ಇರಬೇಕು ಅಂದ್ರಲ್ಲ ಸಾರ್. ನಿಮ್ಮ ಹತ್ರ ಇರ್ಲಿ ಅಂತಾರೆ ಅಮ್ಮಿ."

ಹಾಳಾದದ್ದನ್ನು ರಿಪೇರಿ ಮಾಡುವುದಷ್ಟೇ ನನ್ನ ಕೆಲಸವೆಂದು ಅಲ್ಲಿಯವರೆಗೆ ತಿಳಿದಿದ್ದೆ. ಜನ ತಮ್ಮ ಮನೆಯ ಒಳಗನ್ನೇ ನಮ್ಮ ಕೈಗೆ ಕೊಟ್ಟಿರುತ್ತಾರೆ, ಅದನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳುವುದೂ ಕೆಲಸವೇ ಎಂದು ಕಲಿಸಿದ್ದು ಆ ಮನೆ. ಡಿಸ್ಕು ಈಗಲೂ ನನ್ನ ಬೀರುವಿನಲ್ಲಿದೆ. ಪ್ರತಿ ಮೊಹರಂಗೆ ಮುಂಚೆ ಹೊರತೆಗೆದು, ಸರಿಯಾಗಿ ತಿರುಗುತ್ತಿದೆಯೇ ಎಂದು ಪರೀಕ್ಷಿಸಿ, ಫೈಲುಗಳ ಹೆಸರಿನ ಸಾಲನ್ನಷ್ಟೇ ನೋಡಿ ಮತ್ತೆ ಬಟ್ಟೆ ಸುತ್ತಿಡುತ್ತೇನೆ. ಕುಲ್ಸುಮ್ ಬೀ ದನಿ ಹೇಗಿತ್ತೆಂದು ಯಾರಾದರೂ ಕೇಳಿದರೆ, ನನಗೆ ಗೊತ್ತಿಲ್ಲ.