ನ್ಯಾನೋ ಅರ್ಜಿ ತುಂಬಿದವರು

ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದೆ ನನ್ನ ಅರ್ಜಿ ತುಂಬಿಕೊಟ್ಟವರ ಸೈಬರ್ ಸೆಂಟರ್. ಟೈಪಿಂಗು ಎರಡೇ ಬೆರಳಲ್ಲಿ. ಸರ್ವರ್ ನಿಂತಾಗಲೆಲ್ಲ "ಮನಿಕಂಡದೆ, ಏಳ್ತದೆ ಬುಡು" ಎನ್ನುತ್ತಿದ್ದರು.

ನ್ಯಾನೋ ವಿಜ್ಞಾನದ ಎಂ.ಎಸ್ಸಿ.ಗೆ ಅರ್ಜಿ ಹಾಕಲು ನಾನು ಹೋದದ್ದು ಕೊನೆಯ ದಿನ. ಈ ಕೋರ್ಸೇ ಏಕೆ ಎಂಬ ಕಾಲಂಗೆ ಇಂಟರ್ನೆಟ್ಟಿನಿಂದ ಕದ್ದ ಭಾರಿ ಇಂಗ್ಲಿಷ್ ಬರೆದುಕೊಂಡಿದ್ದೆ. ಅವರು ಓದಿ, ಚೀಟಿ ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಡಿ ತುರುಕಿದರು.

"ಮಾನವಕುಲನ ಆಮೇಲ್ ಉದ್ಧಾರ ಮಾಡೀಯಂತೆ ಕಣವ್ವ. ನಿಂಗ್ಯಾಕ್ ಬೇಕು, ಅದ ಯೋಳು."

"ನಮ್ಮಪ್ಪ ನೇಯ್ದ ರೇಷ್ಮೆ ಸೀರೆ ಬಣ್ಣ ಬುಡ್ತದೆ ಸಾ. ಬುಡದಂಗೆ ಮಾಡ್ಬೇಕು."

"ನಿಮ್ಮಪ್ಪನ ಮಾನ ಓಗ್ಲಿ, ಸೀಟ್ ಬರ್ಲಿ" ಎಂದು ಅದನ್ನೇ ತಮ್ಮ ಇಂಗ್ಲಿಷಿನಲ್ಲಿ ಕುಟ್ಟಿದರು.

ಸಂದರ್ಶನದಲ್ಲಿ ಪ್ರೊಫೆಸರು ಬೇರೇನೂ ಕೇಳಲಿಲ್ಲ; ಯಾವ ಬಣ್ಣ ಮೊದಲು ಬಿಡುತ್ತದೆ ಎಂದರು. ಅರ್ಧ ಗಂಟೆ ಮಾತಾಡಿದೆ. ಸೀಟು ಸಿಕ್ಕಿತೆಂದು ಹೇಳಲು ಓಡಿದೆ.

ಅವರು ತಲೆ ಎತ್ತದೆ ಕೇಳಿದರು: "ನಾಕ್ ಕಡೆ ಸ್ಪೆಲ್ಲಿಂಗ್ ತಪ್ಪಾಗಿತ್ತು. ಯಾರೂ ನೋಡ್ನಿಲ್ವಾ?"