ಓಬಳಪ್ಪನ ಹಲ್ಲು, ಜುಂಜಪ್ಪನ ಗಣೆ

ತಾವರೆಕೆರೆ ಕಡೆಯ ಗೊಲ್ಲರಹಟ್ಟಿಯ ಓಬಳಪ್ಪ ಶಿರಾದ ನಮ್ಮ ಸಣ್ಣ ಹಲ್ಲಿನ ದವಾಖಾನೆಗೆ ಬಂದದ್ದು ೧೯೮೪ರಲ್ಲಿ. ನಾನು ರೇಣುಕಯ್ಯ, ಅಲ್ಲಿನ ಕಾಂಪೌಂಡರ್. ಚೀಟಿ ಬರೆಯುತ್ತಾ, "ಜೊತೆಗೆ ಯಾರು ಬಂದಿದಾರೆ?" ಎಂದೆ.

"ಯಾರವ್ರೆ ಅಯ್ಯ? ಕುರಿ ಅವೆ. ಅವು ಬಸ್ ಹತ್ತಾಕಿಲ್ಲ."

ನನಗೆ ನಗು ಬಂತು. ಅವನು ನಗಲಿಲ್ಲ.

ಮೇಲಿನ ಮುಂಬಲ್ಲಿನ ಪಕ್ಕದ ಹಲ್ಲು ಅಲುಗಾಡುತ್ತಿತ್ತು, ಒಸಡಿನಲ್ಲಿ ಕೀವು. "ಕೀಳ್ಬ್ಯಾಡಿ. ಗಾಳಿ ಸೋರಿದ್ರೆ ಗಣೆ ನುಡಿಯಾಕಿಲ್ಲ" ಎಂದ. ಗಣೆ ಎಂದರೆ ಗೊಲ್ಲರ ದೇವರು ಜುಂಜಪ್ಪನ ಪದಕ್ಕೆ ಊದುವ ಉದ್ದನೆಯ ಬಿದಿರು ಕೊಳಲು.

"ಈಗಲೂ ಊದ್ತೀಯಾ?"

"ಮುಟ್ಟಿ ಮೂರು ವರ್ಸ ಆಯ್ತು."

ನನಗೆ ರೇಗಿತು. ಊದದವನಿಗೆ ಹಲ್ಲಿನ ಚಿಂತೆ ಯಾಕಪ್ಪಾ!

ಗದರಿದ ಮೇಲೆ ಬಾಯಿ ಬಿಟ್ಟ. ಅವನು ಊದಿದಾಗಲೆಲ್ಲ ಹೆಂಡತಿ ಪುಟ್ಟಕ್ಕ "ಇನ್ನೊಂದ್ಸಲ" ಅನ್ನುತ್ತಿದ್ದಳಂತೆ. ಅವಳು ಸತ್ತ ಮೂರನೇ ದಿನ, ಸೂತಕ ಕಳೆಯುವ ಮುಂಚೆಯೇ, ತಡೆಯಲಾರದೆ ಗಣೆ ಎತ್ತಿ ಅವಳ ಇಷ್ಟದ ಪದ ಊದಿಬಿಟ್ಟ. ವಾರದಲ್ಲೇ ಒಸಡು ಊದಿತು. ಸೂತಕದಲ್ಲಿ ಮುಟ್ಟಿದ್ದಕ್ಕೆ ಸ್ವಾಮಿ ಬಾಯಿಗೇ ಹೊಡೆದ ಎಂದುಕೊಂಡು ಗಣೆಯನ್ನು ಸೂರಿಗೆ ಸಿಕ್ಕಿಸಿದ. ಹಟ್ಟಿಯಲ್ಲಿ ಯಾರಿಗೂ ಹೇಳಲಿಲ್ಲ. ಎಂದಾದರೂ ತಪ್ಪು ಮನ್ನಾ ಆದರೆ ಊದಲು ಹಲ್ಲು ಬೇಕಲ್ಲ, ಅದಕ್ಕೇ ಬಂದಿದ್ದ.

ಡಾಕ್ಟರ್ ಸರ್ವಮಂಗಳಾ ಇದನ್ನೆಲ್ಲ ನನ್ನಿಂದ ಕೇಳಿಕೊಂಡು, ಹಲ್ಲಿನ ಹಿಂದೆ ತೆಳ್ಳನೆಯ ಕಡ್ಡಿ ಆಡಿಸಿ, ಅವನ ಕೈಗೊಂದು ಕನ್ನಡಿ ಕೊಟ್ಟರು. "ನೋಡಿ ಓಬಳಪ್ಪ, ಇಲ್ಲೊಂದು ಗೀರು. ಬೇರಿನ ಮೇಲೂ ಇಳಿದಿದೆ. ಅದರಲ್ಲಿ ಕೊಳೆ ಸೇರಿ ಕೀವಾಗಿದೆ. ಒಸಡು ಬಿಡಿಸಿ, ಗೀರು ಕೆರೆದು ತುಂಬಿದರೆ ಹಲ್ಲು ಉಳಿಯಬಹುದು."

"ಯಾವಾಗ ಬಿತ್ತು ತಾಯಿ, ಈ ಗೀರು?"

"ಬಿದ್ದದ್ದಲ್ಲ. ಹಲ್ಲು ಹುಟ್ಟುವಾಗಲೇ ಬಂದದ್ದು. ನೀವು ಎಂಟು ವರ್ಷದವರಿದ್ದಾಗಲೂ ಇತ್ತು."

ಕನ್ನಡಿ ಕೆಳಗಿಳಿಸಿ ಡಾಕ್ಟರ ಮುಖ ನೋಡಿದ. "ಅಂಗಾರೆ ಅವ್ಳಿಗೆ ಅಂತ ಊದಿದ್ದುಕ್ಕಲ್ವಾ?"

"ಅಲ್ಲಪ್ಪ. ಖಂಡಿತ ಅಲ್ಲ."

ಆ ಕುರ್ಚಿಯಲ್ಲಿ ಅತ್ತವರನ್ನು ಬೇಕಾದಷ್ಟು ನೋಡಿದ್ದೇನೆ. ಸೂಜಿ ಚುಚ್ಚುವ ಮುಂಚೆಯೇ ಹಾಗೆ ಬಿಕ್ಕಿದವನು ಇವನೊಬ್ಬನೇ.

ಹಲ್ಲು ಉಳಿಯಿತು. ಆರು ತಿಂಗಳ ಮೇಲೆ ತೋರಿಸಲು ಬಂದ. ಒಸಡು ಗಟ್ಟಿಯಾಗಿತ್ತು. ಚೀಟಿ ತೆಗೆದು, "ಏನಯ್ಯಾ, ಊದಿದೆಯೋ ಇಲ್ಲವೋ?" ಎಂದೆ.

"ಊದ್ದೆ. ಒಂಚೂರೂ ಗಾಳಿ ಸೋರ್ಲಿಲ್ಲ. ಅದೇ ಪದ, ಪೂರ್ತಿ."

"ಮತ್ತೆ ಮುಖ ಯಾಕೆ ಹಿಂಗಿದೆ?"

ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಮುಗುಸ್ಬುಟ್ಟು ಒಸಿ ಹೊತ್ತು ಕಾದೆ ಕಣಯ್ಯ. 'ಇನ್ನೊಂದ್ಸಲ' ಅಂತ ಯಾರೂ ಅನ್ಲಿಲ್ಲ."